ಕಣಜದ ಇಲಿ ಯಾರು?

ಈ ಸಲದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಹಟ ಹಿಡಿದಳು. “ತಾತ, ಅಂಗಡಿಯ ಆಟ ಬೇಡ. ನಾವೇ ಒಂದು ಆಟ ಮಾಡೋಣ.”

ರಾಜ, ರಾಣಿ, ಕಳ್ಳ, ಪೊಲೀಸ್ ಎಂದು ಚೀಟಿ ಎಸೆದು ಆಡುವ ಆಟ ನಿಮಗೆಲ್ಲ ಗೊತ್ತು. ಅದರಲ್ಲಿ ಪೊಲೀಸ್ ಮುಖ ನೋಡಿ ಕಳ್ಳನನ್ನು ಊಹಿಸಬೇಕು. 1980ರ ದಶಕದಲ್ಲಿ ಮಾಸ್ಕೋದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ದಿಮಿತ್ರಿ ದವಿದೋಫ್ ‘ಮಾಫಿಯಾ’ ಎಂಬ ಆಟ ಕಟ್ಟಿದರು. ಅದರಲ್ಲಿ ಕಳ್ಳರು ಕೆಲವರೇ. ಆದರೆ ತಮ್ಮವರು ಯಾರೆಂದು ಅವರಿಗೆ ಗೊತ್ತು. ಉಳಿದವರು ಹೆಚ್ಚು ಮಂದಿ. ಅವರಿಗೆ ಏನೂ ಗೊತ್ತಿಲ್ಲ. ‘ದಿ ರೆಸಿಸ್ಟೆನ್ಸ್’ ಎಂಬ ಇನ್ನೊಂದು ಆಟದಲ್ಲಿ ಗುಟ್ಟಾಗಿ ಕಾರ್ಡು ಹಾಕಿ ಕೆಲಸ ಕೆಡಿಸುವ ಗೂಢಚಾರರಿದ್ದಾರೆ. ಇವನ್ನೆಲ್ಲ ಸೇರಿಸಿ ನಾವು ‘ಕಣಜದ ಇಲಿ’ ಮಾಡಿದೆವು.

ಆಡುವವರು ಆರು ಜನ: ನಾನು, ನನ್ನಾಕೆ, ಇಬ್ಬರು ಮೊಮ್ಮಕ್ಕಳು, ಪಕ್ಕದ ಮನೆಯ ಇಬ್ಬರು ಮಕ್ಕಳು. ಚೀಟಿ ಎತ್ತಿದಾಗ ನಾಲ್ವರು ರೈತರು, ಇಬ್ಬರು ಇಲಿಗಳು. ಎಲ್ಲರೂ ಕಣ್ಣು ಮುಚ್ಚಿದಾಗ ಇಲಿಗಳು ಮಾತ್ರ ಕಣ್ಣು ತೆರೆದು ಪರಸ್ಪರ ಗುರುತು ಹಿಡಿಯುತ್ತವೆ. ಆಟಕ್ಕೆ ಐದು ದಿನ. ದಿನವೂ ಮೂವರು ಕಣಜಕ್ಕೆ ಹೋಗಿ ಗುಟ್ಟಾಗಿ ಕಾಳು ಹಾಕುತ್ತಾರೆ. ಇಲಿ ಬೇಕಾದರೆ ಹೊಟ್ಟು ಹಾಕಬಹುದು. ಒಂದೇ ಹೊಟ್ಟು ಬಿದ್ದರೂ ಆ ದಿನದ ಪೈರು ಹಾಳು. ಮೂರು ದಿನ ಹಾಳಾದರೆ ಇಲಿಗಳ ಗೆಲುವು. ದಿನದ ಕೊನೆಗೆ ಎಲ್ಲರೂ ತಮಗೆ ಅನುಮಾನ ಬಂದವರತ್ತ ಬೆರಳು ತೋರಿಸಬೇಕು.

ಆಡಿ ನೋಡಿದಾಗಲೇ ತಪ್ಪುಗಳು ಹೊರಬಿದ್ದವು. ಮೊದಲು ಕಾಳಿಗೆ ಹುಣಸೆ ಬೀಜ, ಹೊಟ್ಟಿಗೆ ಹತ್ತಿಯ ಉಂಡೆ, ಕಣಜಕ್ಕೆ ಸ್ಟೀಲ್ ಡಬ್ಬಿ ಇಟ್ಟೆವು. ಬೀಜ ಬಿದ್ದರೆ ಟಣ್ ಎನ್ನುತ್ತಿತ್ತು, ಹತ್ತಿ ಬಿದ್ದರೆ ಸದ್ದೇ ಇಲ್ಲ! ಮದುವೆ ಕರೆಯೋಲೆ ಕತ್ತರಿಸಿ ಕಾರ್ಡು ಮಾಡಿದೆವು. ಒಂದರ ಅಂಚಿಗೆ ಅರಿಶಿನ ಮೆತ್ತಿದ್ದನ್ನು ಮಕ್ಕಳು ಎರಡನೇ ಆಟಕ್ಕೇ ಗುರುತಿಸಿಬಿಟ್ಟರು.

ಹೆಚ್ಚು ಬೆರಳು ಬಿದ್ದವರು ಆಟದಿಂದಲೇ ಹೊರಕ್ಕೆ ಎಂಬ ನಿಯಮವೂ ಇತ್ತು. ಪಕ್ಕದ ಮನೆಯ ಪುಟ್ಟಿ ಮೊದಲ ದಿನವೇ ಔಟಾಗಿ ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಕೂತಳು. “ಆಟಕ್ಕೆ ಕರೆದು ಹೊರಗೆ ಕೂರಿಸೋದೇನ್ರೀ?” ಎಂದಳು ನನ್ನಾಕೆ. ಆ ನಿಯಮ ತೆಗೆದೆವು. ಬೆರಳು ಬಿದ್ದವರು ಮರುದಿನ ಕಣಜಕ್ಕೆ ಹೋಗುವಂತಿಲ್ಲ, ಅಷ್ಟೆ.

ಎಂಟನೇ ಆಟದ ನಂತರ ಮೊಮ್ಮಗ ಚೀಟಿ ಕೆಳಗಿಟ್ಟ. “ನಾನು ಆಡಲ್ಲ ತಾತ. ನಾನು ಇಲಿ ಅಲ್ಲ ಅಂದರೂ ಯಾರೂ ನಂಬಲ್ಲ.”

ಬ್ಯಾಂಕಿನ ಅಭ್ಯಾಸ ನೋಡಿ, ಪ್ರತಿ ಆಟದ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಬರೆದಿದ್ದೆ. ತೆರೆದು ನೋಡಿದೆ. ಎಂಟು ಆಟಗಳಲ್ಲಿ ಏಳರಲ್ಲಿ ಮೊದಲ ಬೆರಳುಗಳು ಅವನ ಕಡೆಗೇ. ಅವನು ಇಲಿಯಾಗಿದ್ದದ್ದು ಎರಡೇ ಸಲ. ಅವನು ಮಾತು ಕಡಿಮೆಯ ಹುಡುಗ. ನೋಡಿದರೆ ತಲೆ ತಗ್ಗಿಸುತ್ತಾನೆ. ಏಳು ಸಲವೂ ನನ್ನ ಬೆರಳು ಅಲ್ಲಿತ್ತು.

ನನಗೊಂದು ಹಳೆಯ ಸಂಜೆ ನೆನಪಾಯಿತು. ಶಾಖೆಯಲ್ಲಿ ನಗದು 270 ರೂಪಾಯಿ ಕಡಿಮೆ ಬಂದಿತ್ತು. ಹೊಸದಾಗಿ ಸೇರಿದ್ದ ಅಟೆಂಡರ್ ಹುಡುಗ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಎಲ್ಲರ ಕಣ್ಣೂ ಅವನ ಮೇಲೆ. ಮಕ್ಕಳೇ, ಲೆಕ್ಕದಲ್ಲಿ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು ಎಂಬ ಸುಳಿವು ನಮಗಿತ್ತು. 270 ಒಂಬತ್ತರಿಂದ ಭಾಗವಾಗುತ್ತದೆ. ಹುಡುಕಿದೆವು. ಕೊಟ್ಟದ್ದು 630, ಪುಸ್ತಕದಲ್ಲಿ ಬರೆದದ್ದು 360. ಅಕ್ಷರ ನನ್ನದೇ. ಆ ಹುಡುಗನ ಕ್ಷಮೆ ಕೇಳಬೇಕೆಂದು ದಿನ ದೂಡಿದೆ. ಅಷ್ಟರಲ್ಲಿ ಅವನಿಗೆ ಬೇರೆ ಊರಿಗೆ ವರ್ಗವಾಯಿತು.

ಮೊಮ್ಮಗನ ಕ್ಷಮೆಯನ್ನು ಅವತ್ತೇ ಕೇಳಿದೆ. ಹೊಸ ನಿಯಮವನ್ನೂ ಬರೆದೆವು: ಬೆರಳು ತೋರಿಸುವವರು ಆಟದಲ್ಲಿ ಕಂಡ ಒಂದು ಸಾಕ್ಷಿ ಹೇಳಬೇಕು. ‘ಅವನು ಹೋದ ಎರಡೂ ದಿನ ಪೈರು ಹಾಳಾಯಿತು’ ಅನ್ನಬಹುದು. ‘ಅವನ ಮುಖ ನೋಡು’ ಅನ್ನುವಂತಿಲ್ಲ.

ಒಂಬತ್ತನೇ ಆಟ ಶುರುವಾಯಿತು. ಮೊದಲ ದಿನ ಯಾರ ಬಳಿಯೂ ಸಾಕ್ಷಿ ಇಲ್ಲ, ಒಂದು ಬೆರಳೂ ಏಳಲಿಲ್ಲ. ಮೊಮ್ಮಗ ಎಂದಿನಂತೆ ತಲೆ ತಗ್ಗಿಸಿಯೇ ಆಡಿದ. ನಾಲ್ಕು ದಿನದಲ್ಲಿ ಮೂರು ಸಲ ಪೈರು ಹಾಳಾಯಿತು. ಚೀಟಿ ಬಿಚ್ಚಿದರೆ ಇಲಿಗಳು ಅವನು ಮತ್ತು ಅವನಜ್ಜಿ!