ಪೊಟ್ಟಣದ ಗಣಿತ

ಒಂದು ಘನಾಕೃತಿಯ ಬಾಹುವನ್ನು ಇಮ್ಮಡಿಗೊಳಿಸಿದರೆ ಅದರ ಮೇಲ್ಮೈ 4 ಮಡಿಯೂ ಗಾತ್ರ 8 ಮಡಿಯೂ ಆಗುವುದೆಂಬುದನ್ನು ಗಣಿತದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಈ ನಿಯಮವನ್ನು ದಿನಸಿ ಅಂಗಡಿಗೆ ಕೊಂಡೊಯ್ಯುವವರು ಮಾತ್ರ ವಿರಳ. 1 ಕಿಲೋಗ್ರಾಂ ತೂಕದ 8 ಬೇಳೆಯ ಪೊಟ್ಟಣಗಳಿಗೆ ತಗಲುವ ಹೊದಿಕೆಯಲ್ಲಿ ಅರ್ಧ ಭಾಗವೇ, ಅದೇ ಆಕಾರದ 8 ಕಿಲೋಗ್ರಾಮಿನ ಒಂದು ಚೀಲಕ್ಕೆ ಸಾಕು. ದೊಡ್ಡ ಚೀಲಕ್ಕೆ ದಪ್ಪನೆಯ ಬಟ್ಟೆ ಬೇಕೆಂಬುದು ನಿಜ. ಆದರೆ ಗೋಣಿಚೀಲವನ್ನು ಹತ್ತಾರು ಬಾರಿ ಬಳಸಬಹುದು, ಪೊಟ್ಟಣವನ್ನು ಕತ್ತರಿಸಿದೊಡನೆಯೇ ಅದರ ಆಯುಷ್ಯ ಮುಗಿಯಿತು.

ಪಾಲಿಥೀನು 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ದೊರೆತ ವಸ್ತು. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ಸುಲಭವಾಗಿ ಜೀರ್ಣವಾಗದು. ಕೆಲವು ಪೊಟ್ಟಣಗಳಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ಕುಗಳನ್ನೂ ಅಲ್ಯೂಮಿನಿಯಮ್ಮನ್ನೂ ಪದರ ಪದರವಾಗಿ ಬೆಸೆದಿರುತ್ತಾರೆ; ಇವನ್ನು ಬಿಡಿಸಿ ಮತ್ತೆ ಉಪಯೋಗಕ್ಕೆ ತರುವುದು ಬಹು ಕಷ್ಟ. 2022ರ ಜುಲೈ 1ರಂದು ದೇಶದಲ್ಲೆಲ್ಲ ಜಾರಿಗೆ ಬಂದ ನಿಷೇಧವು ತಟ್ಟೆ, ಲೋಟ, ಚಮಚಗಳಂಥವಕ್ಕೆ ಅನ್ವಯಿಸಿತೇ ಹೊರತು ಬೇಳೆಯ ಪೊಟ್ಟಣವನ್ನು ಮುಟ್ಟಲಿಲ್ಲ. ಆದುದರಿಂದ ಈ ವಿಷಯದಲ್ಲಿ ಕೊಳ್ಳುವವರೇ ಮೊದಲ ಹೆಜ್ಜೆ ಇಡಬೇಕೆಂದು ನನ್ನ ಅಭಿಪ್ರಾಯ.

ಹಾಗೆಂದು ಸಿಕ್ಕಿದುದನ್ನೆಲ್ಲ ಮೂಟೆಗಟ್ಟಲೆ ತಂದಿಡುವುದು ಜಾಣತನವಲ್ಲ. ಒಂದು ಕಿಲೋಗ್ರಾಂ ಅಕ್ಕಿಯನ್ನು ಬೆಳೆಯಲು ಸಾವಿರಾರು ಲೀಟರು ನೀರು ಬೇಕು. ಅಂಥ ಅಕ್ಕಿ ಹುಳು ಹಿಡಿದು ತಿಪ್ಪೆ ಸೇರಿದರೆ, ಉಳಿಸಿದ ಪ್ಲಾಸ್ಟಿಕ್ಕಿಗಿಂತ ಕಳೆದುಕೊಂಡುದೇ ಹೆಚ್ಚಾದೀತು. ಕಾಳುಕಡ್ಡಿಗಳ ಶತ್ರು ತೇವ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬಿಗಿಯಾದ ಡಬ್ಬಿಯಲ್ಲಿಟ್ಟರೆ ಕೀಟಗಳ ವೃದ್ಧಿ ಕುಂಠಿತವಾಗುವುದು. ತೊಗರಿಬೇಳೆಗೆ ಹರಳೆಣ್ಣೆ ಸವರಿಡುವ ನಮ್ಮ ಅಜ್ಜಿಯರ ಪದ್ಧತಿಗೂ ಕಾರಣವುಂಟು: ಎಣ್ಣೆಯ ಪೊರೆಯಿರುವ ಕಾಳಿನ ಮೇಲೆ ಕೀಟದ ಮೊಟ್ಟೆಗಳು ಉಳಿಯುವುದು ಕಷ್ಟ. ರಾಗಿಯಂತೂ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ಧಾನ್ಯ. ಹಿಟ್ಟು, ರವೆಗಳ ಮಾತು ಬೇರೆ; ಅವನ್ನು ಬೇಕಾದಷ್ಟೇ ತರುವುದು ಲೇಸು. ಕಡಲೆಕಾಯಿಬೀಜಕ್ಕೆ ತೇವ ತಗುಲಿದರೆ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟೀತು. ಅದು ಅಡುಗೆಯ ಬೆಂಕಿಗೂ ಸುಲಭವಾಗಿ ನಾಶವಾಗದು.

ಬಿಡಿ ಸಾಮಾನಿನಲ್ಲಿ ಕಲಬೆರಕೆಯ ಭಯವಿದೆಯೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಪುಡಿ ಮಾಡಿದ ಅರಿಸಿನ, ಮೆಣಸಿನಕಾಯಿಗಳಲ್ಲಿ ಆ ಭಯ ಹೆಚ್ಚು. ಇಡಿಯ ಕಾಳನ್ನಾದರೋ ಮೊರದಲ್ಲಿ ಹಾಕಿ ಕಣ್ಣಾರೆ ಪರೀಕ್ಷಿಸಬಹುದು. ಇನ್ನು ದಿನಗೂಲಿಯವರ ಕಷ್ಟ. ಅಂದಂದಿನ ಸಂಪಾದನೆಯಲ್ಲಿ ಅಂದಂದಿನ ಅಕ್ಕಿ ಕೊಳ್ಳುವವರಿಗೆ ಮೂಟೆಯ ಉಪದೇಶ ಮಾಡುವುದು ಕ್ರೌರ್ಯವೇ ಸರಿ. ಅವರಿಗೆ ಬೇಕಾದುದು, ಮನೆಯಿಂದ ತಂದ ಡಬ್ಬಿಗೆ ಕಾಲು ಕಿಲೋ ಬೇಳೆಯನ್ನು ಬೇಸರವಿಲ್ಲದೆ ತೂಗಿಕೊಡುವ ಅಂಗಡಿ. ಒಂದೇ ಕೊಠಡಿಯಲ್ಲಿ ಅಡುಗೆ ಮಾಡಿಕೊಳ್ಳುವ ನಾಲ್ವರು ವಿದ್ಯಾರ್ಥಿಗಳಾದರೋ 25 ಕಿಲೋಗ್ರಾಮಿನ ಅಕ್ಕಿಮೂಟೆಯೊಂದನ್ನು ಪಾಲು ಹಾಕಿ ಕೊಳ್ಳಬಹುದು. ಹುಳು ಬೀಳುವ ಮೊದಲೇ ಅದು ಖರ್ಚಾಗಿರುತ್ತದೆ.