ಊರ ಕಾಡನ್ನು ಬಿಟ್ಟು ಪರಿಸರ ಪಾಠ ಹೇಗೆ?

ಬಿದಿರು ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರಿಗೆ ಒಳ್ಳೆಯದೋ ಕೆಟ್ಟದ್ದೋ? ಉತ್ತರ ಕನ್ನಡದ ಬಿದಿರು ಬರಿದಾಗುತ್ತಿದೆ ಎಂಬ ದೂರು ಜೋರಾದಾಗ, 1970ರ ದಶಕದಲ್ಲಿ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಇಲ್ಲಿ ಅಧ್ಯಯನ ನಡೆಸಿದರು. ಮುಳ್ಳು ತೆಗೆದು ಬುಡ ಚೊಕ್ಕಟ ಮಾಡಿದರೆ ಬಿದಿರು ಹುಲುಸಾಗಿ ಬೆಳೆಯುತ್ತದೆ ಎಂಬುದು ಆಗಿನ ಅರಣ್ಯ ಶಾಸ್ತ್ರದ ನಂಬಿಕೆ. ಊರಿನವರು ಹೇಳಿದ್ದೇ ಬೇರೆ: ಆ ಮುಳ್ಳೇ ಕಳಲೆಗೆ ಬೇಲಿ, ಅದು ಹೋದರೆ ದನ, ಮಂಗ, ಮುಳ್ಳುಹಂದಿ ಸೇರಿ ಎಳೆ ಕಳಲೆಯನ್ನು ತಿಂದು ಮುಗಿಸುತ್ತವೆ. ಪರೀಕ್ಷಿಸಿ ನೋಡಿದಾಗ ಊರಿನವರ ಮಾತೇ ನಿಜವಾಗಿತ್ತು. ರಾಷ್ಟ್ರಮಟ್ಟದ ಸಂರಕ್ಷಣಾ ಸಂಸ್ಥೆಗಳು ಪರಿಸರ ಶಿಕ್ಷಣಕ್ಕೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬರುವಾಗ ಮೊದಲು ನೆನಪಿಟ್ಟುಕೊಳ್ಳಬೇಕಾದದ್ದು ಇದನ್ನೇ. ಇಲ್ಲಿನ ಪರಿಸರ ಪಾಠ ಊರಿನ ತಿಳಿವಳಿಕೆಯಿಂದಲೇ ಶುರುವಾಗಬೇಕು. ಕಲಿತವರಿಗೆ ತಮ್ಮ ಕಾಡಿನ ಬಗ್ಗೆ ತೀರ್ಮಾನ ಹೇಳುವ ಅವಕಾಶವೂ ಅದರ ಜೊತೆಗೇ ಸಿಗಬೇಕು.

ಆ ಸಂಸ್ಥೆಗಳ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. 1969ರಲ್ಲಿ ಶುರುವಾದ ಡಬ್ಲ್ಯುಡಬ್ಲ್ಯುಎಫ್-ಇಂಡಿಯಾ ದೇಶದ ಶಾಲೆಗಳಿಗೆ ನಿಸರ್ಗ ಕ್ಲಬ್ಬುಗಳನ್ನು ತಂದಿತು. 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರ ಹುಟ್ಟಿತು. ಪರಿಸರ ಎಲ್ಲ ಹಂತದಲ್ಲೂ ಪಠ್ಯವಾಗಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ನೀಡಿತು. ಆದರೆ ಇಡೀ ದೇಶಕ್ಕೆಂದು ಬರೆದ ಪಾಠದಲ್ಲಿ ಹುಲಿ, ಹಿಮನದಿ, ಓಝೋನ್ ಪದರಕ್ಕೆ ಸಿಗುವ ಜಾಗ ಕತ್ತಲೆಕಾನಿಗೆ ಸಿಗುವುದಿಲ್ಲ. ಸಿದ್ದಾಪುರ ತಾಲ್ಲೂಕಿನ ಆ ಕಾಡಿನ ರಾಂಪತ್ರೆ ಜಡ್ಡಿಯಲ್ಲಿ ಮರದ ಬೇರುಗಳು ಕೆಸರಿನಿಂದ ಮೇಲೆದ್ದು, ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ನೀರು ನಿಂತ ನೆಲದಲ್ಲಿ ಗಾಳಿಗಾಗಿ ಮರ ಕಂಡುಕೊಂಡ ಉಪಾಯ ಅದು. ಗೇರಿನ ಬಳಗದ ಒಂದು ಮರವನ್ನು ವಿಜ್ಞಾನಿಗಳು 2000ದಲ್ಲಿ ಮೊದಲ ಬಾರಿಗೆ ವರ್ಣಿಸಿ ಇದೇ ಕಾನಿನ ಹೆಸರಿಟ್ಟರು. ಇಂಥ ಎಷ್ಟೋ ಜಡ್ಡಿಗಳು ಹಿಂದೆ ಗದ್ದೆಯಾಗಿ, ತೋಟವಾಗಿ ಹೋಗಿವೆ. ಉಳಿದವು ವರ್ಷವಿಡೀ ಹಳ್ಳಕ್ಕೆ ನೀರು ಬಿಡುತ್ತಿವೆ. ತಮ್ಮ ತೋಟದ ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ ದೊಡ್ಡ ಪರಿಸರ ಪಾಠ ಇಲ್ಲಿನ ಮಕ್ಕಳಿಗೆ ಯಾವುದಿದೆ?

ಈ ನೆಲಕ್ಕೆ ಅಂಥ ಪಾಠ ಹೊಸದೂ ಅಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಕಡಿತ ತಡೆಯಲು ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರ ಮುಂದಾಳತ್ವದ ಅಪ್ಪಿಕೋ ಚಳವಳಿಯನ್ನು ನಾವು ಪ್ರತಿಭಟನೆಯೆಂದೇ ನೆನೆಯುತ್ತೇವೆ. ನನ್ನ ಲೆಕ್ಕದಲ್ಲಿ ಅದು ಈ ಜಿಲ್ಲೆ ಕಂಡ ಅತಿ ದೊಡ್ಡ ಪರಿಸರ ಶಾಲೆಯೂ ಹೌದು. ಗುರುತು ಹಾಕಿದ ಒಂದು ಮರ ಬೀಳುವಾಗ ಸುತ್ತಲಿನ ಎಷ್ಟು ಮರ ಮುರಿಯುತ್ತವೆ, ಸಹಜ ಕಾಡು ತೆಗೆದು ತೇಗ ನೆಟ್ಟರೆ ಸೊಪ್ಪಿಗೆ, ಜೇನಿಗೆ, ಹಳ್ಳದ ನೀರಿಗೆ ಏನಾಗುತ್ತದೆ ಎಂಬುದನ್ನು ಊರೂರಿನ ಪಾದಯಾತ್ರೆ, ಸ್ಲೈಡ್ ಪ್ರದರ್ಶನ, ಬೀದಿನಾಟಕಗಳಲ್ಲಿ ಜನ ಚರ್ಚಿಸಿದರು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತಿನ ಘೋಷಣೆಯಲ್ಲಿ 'ಬಳಸು' ಕೂಡ ಇತ್ತು. ಕಾಡನ್ನು ಮುಟ್ಟಲೇಬಾರದು ಎಂದಿದ್ದರೆ ಒಂದು ಬುಟ್ಟಿ ದರಕಿಗೂ (ಒಣ ಎಲೆಗೂ) ಬೆಟ್ಟಕ್ಕೆ ಹೋಗಬೇಕಾದ ರೈತ ಈ ಚಳವಳಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಬಳಸುವವನಿಗೆ ಹೇಗೆ ಕಲಿಸಬೇಕು ಎಂಬುದಕ್ಕೆ ಉಪ್ಪಾಗೆಯೆಂಬ ಕಾಡುಹಣ್ಣಿನಷ್ಟು ಒಳ್ಳೆಯ ನಿದರ್ಶನ ಇನ್ನೊಂದಿಲ್ಲ. ಮಲೆನಾಡಿನ ಮನೆಗಳಲ್ಲಿ ಅದರ ಸಿಪ್ಪೆ ಹುಳಿಗಾಯಿತು, ಬೀಜ ತುಪ್ಪಕ್ಕಾಯಿತು. ಬೊಜ್ಜು ಕರಗಿಸುವ ಔಷಧಕ್ಕೆ ಬೇಕೆಂದು 1990ರ ದಶಕದಲ್ಲಿ ಹೊರದೇಶದಿಂದ ಬೇಡಿಕೆ ಬಂದದ್ದೇ ತಡ, ಬೆಲೆ ಏರಿತು, ಪೈಪೋಟಿ ಹುಟ್ಟಿತು. ಹಣ್ಣಾಗುವವರೆಗೆ ಕಾದರೆ ಬೇರೆಯವರು ಕೊಯ್ದಾರೆಂದು ಕಾಯನ್ನೇ ಕೊಯ್ದರು, ಕೊಂಬೆಯನ್ನೇ ಕಡಿದರು. ಉಪ್ಪಾಗೆ ಮಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲ, ಸಿಪ್ಪೆ ಒಣಗಿಸಲು ಬೆಂಕಿಯೇ ಬೇಕು. ಹೀಗೆ ಒಂದು ಹಣ್ಣಿಗಾಗಿ ರಾಶಿ ರಾಶಿ ಕಟ್ಟಿಗೆಯೂ ಉರಿದುಹೋಯಿತು. ಇದೇ ಹಣ್ಣು ಸಿಂಗಳೀಕಗಳಿಗೂ ಆಹಾರ. 'ಕಾಡು ಉಳಿಸಿ' ಎಂಬ ಭಿತ್ತಿಪತ್ರದಿಂದ ಇಲ್ಲಿ ಏನೂ ಆಗುತ್ತಿರಲಿಲ್ಲ. ಶಿರಸಿಯ ಅರಣ್ಯ ಕಾಲೇಜಿನ ತಜ್ಞರೂ ಸ್ಥಳೀಯ ಸಂಸ್ಥೆಗಳೂ ಹಿಡಿದ ದಾರಿ ಬೇರೆ: ಮಾಗಿದ ಹಣ್ಣನ್ನಷ್ಟೇ ಕೊಯ್ಯುವುದು, ಪ್ರಾಣಿಗಳಿಗೂ ಬೀಜ ಮೊಳೆಯಲಿಕ್ಕೂ ಪಾಲು ಬಿಡುವುದು, ಕಟ್ಟಿಗೆ ಉಳಿಸುವ ಒಲೆ ಹಾಕುವುದು. ಆ ಕಡೆ, ಸಿಂಗಳೀಕದ ಮೂವತ್ತಕ್ಕೂ ಹೆಚ್ಚು ಗುಂಪುಗಳು ಶಿರಸಿ-ಹೊನ್ನಾವರದ ಕಾಡುಗಳಲ್ಲಿವೆ ಎಂದು ಸಂಶೋಧಕರು ತೋರಿಸಿದ ಮೇಲೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಜನರೊಡನೆ ಸಮಾಲೋಚಿಸಿ, ಅವರ ಹಕ್ಕು ಕಸಿಯದೆ ಕಾಡು ಕಾಯುವ ಈ ವ್ಯವಸ್ಥೆಯನ್ನು ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿ ಸೇರಿಸಿತ್ತು.

ಊರಿನವರನ್ನು ಹೀಗೆ ಹೊಗಳಿದರೆ ಸಾಕೇ ಎಂದು ಕೇಳುವವರಿದ್ದಾರೆ; ಅವರ ಪ್ರಶ್ನೆಯಲ್ಲಿ ಹುರುಳಿದೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸಿಕ್ಕ ಸೊಪ್ಪಿನ ಬೆಟ್ಟಗಳಲ್ಲಿ ಹಲವು ಇಂದು ಬೋಳಾಗಿವೆ. ಬೋಳು ಮಾಡಿದವರು ಹೊರಗಿನವರಲ್ಲ. ಆದರೆ ಪಕ್ಕದಲ್ಲೇ ಹಸಿರಾಗಿ ನಿಂತ ಬೆಟ್ಟಗಳೂ ಇವೆ. ಸೊಪ್ಪು ಸವರುವ ರೀತಿ, ಮೇವಿನ ದನಗಳಿಗೆ ಹಾಕಿದ ಮಿತಿ ಇವುಗಳಿಂದಲೇ ಆ ವ್ಯತ್ಯಾಸ ಬಂದದ್ದು. ಕಲಿಸಬೇಕಾದದ್ದು ಅದನ್ನೇ, ಮತ್ತು ಅದಕ್ಕೆ ಮಾದರಿ ಆ ಊರಿನಲ್ಲೇ ಸಿಗುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಅರಣ್ಯ ಹಕ್ಕಿನ ಪಟ್ಟಾಕ್ಕೆ ಕಾಯುತ್ತಿರುವ ಕುಟುಂಬಕ್ಕೆ ಸಂರಕ್ಷಣೆ ಎಂದರೆ ಒಕ್ಕಲೆಬ್ಬಿಸುವ ನೋಟಿಸಿನ ಭಯ. ಆ ಭಯ ಸುಳ್ಳೆಂದು ಭಾಷಣ ಮಾಡುವ ಸಂಸ್ಥೆಯನ್ನು ಜನ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಪರಿಸರ ಪಾಠದ ಜೊತೆಗೇ ಕನ್ನಡದಲ್ಲಿ ಬಿಡಿಸಿ ಹೇಳುವ ಧೈರ್ಯ ಸಂಸ್ಥೆಗಳಿಗೆ ಬೇಕು. 'ಊರಿನವರು' ಎನ್ನುವಾಗ ತೋಟಿಗರನ್ನಷ್ಟೇ ಎಣಿಸುವುದೂ ತಪ್ಪು. ಯಲ್ಲಾಪುರದ ಸಿದ್ದಿಗಳ, ಗೌಳಿಗಳ, ಕುಣಬಿಗಳ ಕಾಡಿನ ತಿಳಿವಳಿಕೆ ಈವರೆಗಿನ ಯಾವ ಪಠ್ಯಕ್ಕೂ ಸರಿಯಾಗಿ ಇಳಿದಿಲ್ಲ.

ಹಾಗಾದರೆ ರಾಷ್ಟ್ರೀಯ ಸಂಸ್ಥೆಗಳಿಗೆ ಇಲ್ಲಿ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಅವಸರದಲ್ಲಿ ಯಾರೋ ತುಂಬಿಕೊಟ್ಟ ಪುಸ್ತಕ ಕಪಾಟಿನಲ್ಲಿ ಕೂತರೆ ಪ್ರಯೋಜನವಿಲ್ಲ. ಪ್ರೌಢಶಾಲೆಯ ಮಕ್ಕಳು ವರ್ಷವರ್ಷ ಅದನ್ನು ಹಿಡಿದು ಹಳ್ಳ, ಕಾನು, ಬೆಟ್ಟ ಸುತ್ತಲಿ. ಹಿರಿಯರನ್ನು ಕೇಳಿ ಬರೆಯಲಿ. ಎಸ್ಸೆಸ್ಸೆಲ್ಸಿಯ ಹೊರೆಯ ನಡುವೆ ಇದೆಲ್ಲಿ ಎನ್ನುವ ಶಿಕ್ಷಕರಿಗೆ ನನ್ನ ಉತ್ತರ: ಇದನ್ನು ಎಂಟನೇ ತರಗತಿಯ ವಿಜ್ಞಾನದ ಪ್ರಾಯೋಗಿಕ ಕೆಲಸವೆಂದೇ ಎಣಿಸಿ. ಔಷಧಿ ಗಿಡದ ಗುಟ್ಟು ವ್ಯಾಪಾರಿಗಳ ಪಾಲಾದೀತೆಂಬ ಅಂಜಿಕೆ ಇರುವಲ್ಲಿ, ಅಂಥ ವಿವರವನ್ನು ಗುಪ್ತವಾಗಿಡುವ ತೀರ್ಮಾನ ಸಮಿತಿಯದೇ ಆಗಿರಲಿ. ಗಿಡ ಗುರುತಿಸುವ ತರಬೇತಿ, ಕಾನೂನಿನ ನೆರವು, ಕನ್ನಡದ ಕೈಪಿಡಿ, ಒಂದೆರಡು ವರ್ಷಕ್ಕೆ ನಿಲ್ಲದ ಹಣ ಇವನ್ನು ದೊಡ್ಡ ಸಂಸ್ಥೆಗಳು ಕೊಡಲಿ.

2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡವೇ ಜರಿದು ತೋಟ, ರಸ್ತೆ, ಮನೆಗಳು ಹಾಳಾದವು. ಬೇಡ್ತಿಯ ನೀರನ್ನು ವರದಾ ನದಿಗೆ, ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಯೋಜನೆಗಳ ಮಾತು ಮತ್ತೆ ಮತ್ತೆ ಏಳುತ್ತಿದೆ. ಇಂಥ ಹೊತ್ತಿನಲ್ಲಿ ಊರಿನ ಕೈಯಲ್ಲಿ ತನ್ನ ಹಳ್ಳ, ಗುಡ್ಡ, ಕಾಡಿನ ಬರಹ ರೂಪದ ಲೆಕ್ಕ ಇದ್ದರೆ ಗ್ರಾಮಸಭೆಯ ಮಾತಿಗೆ ತೂಕ ಬರುತ್ತದೆ. ನಿಮ್ಮ ಪಂಚಾಯಿತಿಗೆ ಹೋಗಿ ಜೀವವೈವಿಧ್ಯ ದಾಖಲಾತಿಯನ್ನು ತೋರಿಸಿ ಎಂದು ಕೇಳಿ. ಇದ್ದರೆ ಓದಿ, ತಪ್ಪಿದ್ದಲ್ಲಿ ತಿದ್ದಿಸಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಆ ವಿಷಯ ಎತ್ತಿ.