ಸರಾಸರಿ 3, ಆದರೂ ತೂಕಡಿಕೆ ಯಾಕೆ?

ನನ್ನ ಗೊರಕೆ ಬಹಳ ವರ್ಷ ನಮ್ಮ ಮನೆಯಲ್ಲಿ ಒಂದು ಜೋಕಾಗಿತ್ತು. ನೆಂಟರ ಮನೆಯಲ್ಲಿ ಮಲಗಿದರೆ ಮರುದಿನ ಕಾಫಿ ಜೊತೆಗೆ ಅದೇ ಮಾತು. ಗೊರಕೆಯ ನಡುವೆ ಸದ್ದು ನಿಂತುಹೋಗುವುದನ್ನು ಗಮನಿಸಿದ್ದು ಮಾತ್ರ ನನ್ನ ಹೆಂಡತಿ. "ನೀವು ಗೊರಕೆ ಹೊಡೀತಿದ್ರೆ ನಂಗೆ ಧೈರ್ಯ, ನಿಲ್ಸಿದ್ರೇ ಭಯ" ಅಂದಿದ್ದಳು. ಅದನ್ನೂ ನಕ್ಕು ಮರೆತೆ. ಒಂದು ಮಧ್ಯಾಹ್ನ ಸಿಗ್ನಲ್ಲಿನಲ್ಲಿ ಬೈಕಿನ ಮೇಲೆ ಕೂತೇ ತೂಕಡಿಸಿ, ಹಿಂದಿದ್ದ ಆಟೋದವನ ಬೈಗುಳಕ್ಕೆ ಎಚ್ಚರವಾದ ಮೇಲೆ ಮಾತ್ರ ನಗು ಬರಲಿಲ್ಲ.

ನಿದ್ರಾ ಪರೀಕ್ಷೆಯಲ್ಲಿ ಬಂದ ಹೆಸರು ಸ್ಲೀಪ್ ಆಪ್ನಿಯಾ. ಗಂಟಲಿನ ಸ್ನಾಯುಗಳು ನಿದ್ದೆಯಲ್ಲಿ ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ, ಆಮ್ಲಜನಕ ಇಳಿಯುತ್ತೆ, ಮೆದುಳು ಗಾಬರಿಯಿಂದ ಎಬ್ಬಿಸುತ್ತೆ. ಗಂಟೆಗೆ ಎಷ್ಟು ಸಲ ಹೀಗೆ ಉಸಿರು ನಿಲ್ಲುತ್ತೆ ಅಥವಾ ತೀರಾ ಕುಗ್ಗುತ್ತೆ ಅನ್ನೋ ಲೆಕ್ಕಕ್ಕೆ ಎಎಚ್‌ಐ ಅಂತಾರೆ. 5ರ ಒಳಗಿದ್ದರೆ ಸರಿ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ. ನನ್ನದು 34!

ಇದಕ್ಕೆ ಸಿಪ್ಯಾಪ್ ಯಂತ್ರ. ಮಾಸ್ಕಿನ ಮೂಲಕ ಒತ್ತಡದ ಗಾಳಿ ಬಿಟ್ಟು ಗಂಟಲನ್ನು ತೆರೆದಿಡುವ ಉಪಾಯ. ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಕಟಿಸಿದರು. ನನಗೆ ಸಿಕ್ಕಿದ್ದು ಒತ್ತಡವನ್ನು ತಾನೇ ಏರಿಸಿ ಇಳಿಸುವ ಯಂತ್ರ. ಮಾರಿದ ಹುಡುಗ 4ರಿಂದ 20 ಅಂತ ಇಟ್ಟು, ಹೇಗೆ ಆನ್ ಮಾಡೋದು ಅಂತ ತೋರಿಸಿ ಹೋದ. ಎರಡು ತಿಂಗಳಾದರೂ ಮಧ್ಯಾಹ್ನದ ತೂಕಡಿಕೆ ಹೋಗಲಿಲ್ಲ. ಫೋನ್ ಮಾಡಿದೆ. "ಸಾರ್, ಸರಾಸರಿ 3 ಬರ್ತಿದೆ, ಎಲ್ಲಾ ಪರ್ಫೆಕ್ಟು!"

ನನ್ನ ತಕರಾರು ಇರೋದು ಈ 'ಪರ್ಫೆಕ್ಟ್' ಬಗ್ಗೆ.

ಯಂತ್ರದೊಳಗೆ ಒಂದು ಪುಟ್ಟ ಎಸ್‌ಡಿ ಕಾರ್ಡ್ ಇತ್ತು. ಅದನ್ನು ತೆಗೆದು, ಲಾಕ್ ಮಾಡಿ, ಲ್ಯಾಪ್‌ಟಾಪಿಗೆ ಹಾಕಿ, 'ಆಸ್ಕರ್' ಅನ್ನೋ ಉಚಿತ ಮುಕ್ತ ತಂತ್ರಾಂಶದಲ್ಲಿ ತೆರೆದು ನೋಡಿದೆ. ಇಡೀ ರಾತ್ರಿಯ ಒಂದೊಂದು ಉಸಿರೂ ಗೆರೆಯಾಗಿ ಬಿದ್ದಿತ್ತು. ಒಂದು ರಾತ್ರಿ 7 ಗಂಟೆ ಬಳಕೆ, 21 ಸಲ ತಡೆ. 21ನ್ನು 7ರಿಂದ ಭಾಗಿಸಿದರೆ 3, ಸರಿಯೇ. ಆದರೆ ಆ 21ರಲ್ಲಿ 18 ಬಂದಿದ್ದು ಬೆಳಗಿನ ಜಾವದ ಮುಕ್ಕಾಲು ಗಂಟೆಯಲ್ಲಿ! ಊರಿಗೆ ಸರಾಸರಿ ಮಳೆ ಚೆನ್ನಾಗಿ ಬಂತು ಅಂದರೆ ನಮ್ಮ ಹೊಲ ಕೊಚ್ಚಿಹೋಗಿಲ್ಲ ಅಂತ ಅರ್ಥವೇನು?

ಸರಾಸರಿ ಇನ್ನೂ ಎರಡು ರೀತಿ ಮೋಸ ಮಾಡುತ್ತೆ. ಯಂತ್ರಕ್ಕೆ ಗೊತ್ತಿರೋದು ನಮ್ಮ ಉಸಿರು, ನಮ್ಮ ನಿದ್ದೆಯಲ್ಲ. ಮಾಸ್ಕ್ ಹಾಕಿಕೊಂಡು ಎರಡು ಗಂಟೆ ಸೂರು ನೋಡುತ್ತಾ ಬಿದ್ದಿದ್ದರೂ ಅದು ಬಳಕೆಯ ಗಂಟೆಗೇ ಸೇರುತ್ತೆ, ಸರಾಸರಿ ಇಳಿಯುತ್ತೆ. ಇನ್ನೊಂದು ಸೋರಿಕೆ. ಬಾಯಿ ತೆರೆದುಕೊಂಡು ಅಥವಾ ಮಾಸ್ಕ್ ಸರಿದು ಗಾಳಿ ಜೋರಾಗಿ ಸೋರುವಾಗ ಯಂತ್ರ ತಡೆಗಳನ್ನು ಸರಿಯಾಗಿ ಎಣಿಸಲಾರದು. ಕಡಿಮೆ ಅಂಕಿ ಬಂದಿದೆ ಅಂತ ಖುಷಿಪಡುವ ಮುಂಚೆ ಸೋರಿಕೆಯ ಗೆರೆ ನೋಡಬೇಕು.

ನನ್ನ ಬೆಳಗಿನ ಜಾವದ ಗುಂಪಿಗೆ ಕಾರಣ ಏನು? ಎರಡು ದಿಂಬು ಪೇರಿಸಿಕೊಂಡು ಮಲಗುವ ಹಳೇ ಚಾಳಿ! ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ, ಎಷ್ಟು ಗಾಳಿ ಊದಿದರೂ ಪೂರ್ತಿ ಬಿಡಿಸಿಕೊಳ್ಳಲ್ಲ. ಒಂದು ದಿಂಬು ತೆಗೆದೆ. ವಾರದಲ್ಲಿ ಆ ಗುಂಪು ಬಹುಪಾಲು ಮಾಯ. ಖರ್ಚು ಸೊನ್ನೆ.

ಉಳಿದದ್ದನ್ನು ನಾನೇ ಮಾಡಲಿಲ್ಲ. ಗ್ರಾಫುಗಳನ್ನು ಪ್ರಿಂಟ್ ಮಾಡಿಸಿ ಡಾಕ್ಟರಿಗೆ ತೋರಿಸಿದೆ. ಶುರುವಿನ 4ರ ಒತ್ತಡದಲ್ಲಿ ಉಸಿರುಕಟ್ಟಿದ ಹಾಗಾಗುತ್ತೆ ಅಂತಲೂ ಹೇಳಿದೆ. ಅವರು ನೋಡಿ, ಯಂತ್ರ ಏರುವಷ್ಟರಲ್ಲಿ ಗಂಟಲು ಮುಚ್ಚಿರುತ್ತೆ ಅಂತ ಕನಿಷ್ಠ ಒತ್ತಡವನ್ನು 7ಕ್ಕೆ ಏರಿಸಿದರು. ನನಗೆ ಸಿಕ್ಕಿದ ಬೆಲೆಯುಳ್ಳ ಹದಿನೈದು ನಿಮಿಷ ಅದು. ಸಂಖ್ಯೆಗಳು ಕೈಯಲ್ಲಿರಲಿಲ್ಲ ಅಂದಿದ್ದರೆ "ಸುಸ್ತು ಡಾಕ್ಟ್ರೇ" ಅನ್ನೋದು ಬಿಟ್ಟು ನನಗೆ ಹೇಳಲು ಏನಿತ್ತು?

ಹಾಗಂತ ಎಲ್ಲರೂ ಮನೆಯಲ್ಲೇ ಡಾಕ್ಟರಾಗಿ ಅಂತ ನಾನು ಹೇಳ್ತಿಲ್ಲ. ಗಂಟಲು ತೆರೆದೇ ಇದ್ದರೂ ಮೆದುಳಿನಿಂದ 'ಉಸಿರಾಡು' ಅನ್ನೋ ಸಂದೇಶವೇ ಬಾರದ ಇನ್ನೊಂದು ಬಗೆ ಇದೆ, ಸೆಂಟ್ರಲ್ ಆಪ್ನಿಯಾ. ಕೆಲವರಲ್ಲಿ ಒತ್ತಡ ಏರಿಸಿದರೆ ಅದು ಹೆಚ್ಚಾಗುತ್ತೆ. ಅದಕ್ಕೇ ದಿಂಬು, ಮಗ್ಗುಲು, ಮಾಸ್ಕಿನ ಪಟ್ಟಿ, ಮಾಸ್ಕಿನ ಶುಚಿ ಇವೆಲ್ಲ ನಮ್ಮ ಕೈಯಲ್ಲಿರಲಿ. ಒತ್ತಡ ಡಾಕ್ಟರ ಜೊತೆ ಮಾತಾಡಿಯೇ ಬದಲಾಗಲಿ. ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ, ಆಮೇಲೆ ಒಂದು ವಾರ ಕಾಯಬೇಕು. ಒಂದು ರಾತ್ರಿಯ ಅಂಕಿಗೆ ಹೆದರಬಾರದು, ಹಿಗ್ಗಲೂಬಾರದು. ಮೊದಮೊದಲು ನಾನು ಎದ್ದ ತಕ್ಷಣ ಹಲ್ಲುಜ್ಜುವ ಮುಂಚೆ ಗ್ರಾಫ್ ನೋಡುತ್ತಿದ್ದೆ. ಅದೂ ಒಂದು ರೋಗವೇ!

ಆದರೆ ನೋಡುವ ಹಕ್ಕು ನಮ್ಮದು. ಉಸಿರು ನಮ್ಮದು, ದುಡ್ಡು ನಮ್ಮದು, ಕಾರ್ಡಿನಲ್ಲಿರೋ ಲೆಕ್ಕ ಮಾತ್ರ ಅಂಗಡಿಯವರಿಗೆ ಸಾಕು ಅನ್ನೋದು ಯಾವ ನ್ಯಾಯ? ಯಂತ್ರ ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: ಪ್ರತಿ ಉಸಿರಿನ ವಿವರ ಕಾರ್ಡಿನಲ್ಲಿ ಉಳಿಯುತ್ತಾ, ಇಲ್ಲಾ ಬರೀ ಎಷ್ಟು ಗಂಟೆ ಹಾಕ್ಕೊಂಡ್ರಿ ಅನ್ನೋ ಲೆಕ್ಕನಾ? ಎರಡನೆಯದಾದರೆ ಬೇರೆ ಯಂತ್ರ ತೋರಿಸಿ ಅನ್ನಿ.

ನಿಮ್ಮ ಮನೆಯಲ್ಲೂ ಗೊರಕೆಯ ಜೋಕು ಇದೆಯಾ? ನಗುವ ಮುಂಚೆ ಒಂದು ರಾತ್ರಿ ಎಚ್ಚರವಿದ್ದು, ಸದ್ದು ನಡುವೆ ನಿಲ್ಲುತ್ತಾ ಅಂತ ಕೇಳಿಸಿಕೊಳ್ಳಿ.

ನನ್ನ ಹೆಂಡತಿ? ಈಗ ನನಗಿಂತ ಮುಂಚೆ ನಿದ್ದೆ ಹೋಗ್ತಾಳೆ. ಸದ್ದಿಲ್ಲದಿದ್ದರೂ ಭಯ ಇಲ್ಲವಂತೆ.